ಬ್ರಿಜಿತಮ್ಮ ಕೊಟ್ಟ ಕೆಂಡ

ನಮ್ಮೂರಿನಲ್ಲಿ ತಪ್ಪು ಮಾಡಿದವರ ಮನೆಯ ಒಲೆ ಹತ್ತುತ್ತಿರಲಿಲ್ಲ. ಹೊರಗಿನವರಿಗೆ ಹೇಳಿದರೆ ಮುಖಮುಖ ನೋಡಿಕೊಳ್ಳುತ್ತಾರೆ. ನಮಗೆ ಅದು ಬೇಸಿಗೆಯಲ್ಲಿ ಸೆಕೆಯಾಗುವಷ್ಟೇ ಸಹಜವಾಗಿತ್ತು. ಸಣ್ಣಪುಟ್ಟ ಸುಳ್ಳಿಗೆ ಒಲೆ ಒಂದು ಹೊತ್ತು ಹೊಗೆಯಾಡಿ ಸುಮ್ಮನಾಗುತ್ತಿತ್ತು. ಕದ್ದರೆ ಎರಡು ದಿನ, ಇನ್ನೊಬ್ಬರ ಅನ್ನಕ್ಕೆ ಕಲ್ಲು ಹಾಕಿದರೆ ತಿಂಗಳೋ ಆರು ತಿಂಗಳೋ. ಒಂದು ಜೀವ ಹೋಗಲು ಕಾರಣರಾದವರ ಮನೆಯಲ್ಲಿ ಮಾತ್ರ ಆರಿದ ಬೆಂಕಿ ಆರಿದಂತೆಯೇ. ಅವರು ಕಡ್ಡಿ ಗೀರಿದರೆ ಕಿಡಿ ಹಾರುತ್ತಿತ್ತು, ಬತ್ತಿ ಹಿಡಿಯುತ್ತಿರಲಿಲ್ಲ. ಪಕ್ಕದ ಮನೆಯಿಂದ ಬಿಸಿ ಅನ್ನ ತಂದುಕೊಟ್ಟರೆ ಹೊಸ್ತಿಲು ದಾಟುವಷ್ಟರಲ್ಲಿ ತಣ್ಣಗಾಗುತ್ತಿತ್ತು. ಅವರು ಯಾರದಾದರೂ ಮನೆಯೊಳಗೆ ಕಾಲಿಟ್ಟರೆ ಆ ಮನೆಯ ಒಲೆಯೂ ಮಂಕಾಗುತ್ತಿದ್ದುದರಿಂದ ಅವರನ್ನು ಜಗಲಿಯಲ್ಲೇ ಕೂರಿಸಿ ಮಾತಾಡಿಸಿ ಕಳಿಸುತ್ತಿದ್ದೆವು. ಅಂಥವರ ಮನೆಗೆ ತಣ್ಣನ ಮನೆ ಎಂದು ಹೆಸರು. ನಾನು ಹೇಳುತ್ತಿರುವ ಕಾಲಕ್ಕೆ ಊರಿನಲ್ಲಿ ಮೂರು ತಣ್ಣನ ಮನೆಗಳಿದ್ದವು.

ಆ ಮನೆಯವರು ಬದುಕುತ್ತಿರಲಿಲ್ಲವೇ ಎಂದರೆ, ಬದುಕುತ್ತಿದ್ದರು. ಅವಲಕ್ಕಿ ನೆನೆಸಿಕೊಂಡು, ಹೆಸರುಬೇಳೆಗೆ ಸೌತೆಕಾಯಿ ಹೆಚ್ಚಿಹಾಕಿಕೊಂಡು ತಿನ್ನುತ್ತಿದ್ದರು. ಹಿತ್ತಲಲ್ಲಿ ನೀರನ್ನು ಬಿಸಿಲಿಗಿಟ್ಟು ಸ್ನಾನ ಮಾಡುತ್ತಿದ್ದರು. ಹೊತ್ತು ಮುಳುಗಿದ ಕೂಡಲೇ ಬಾಗಿಲು ಹಾಕಿಕೊಂಡು ಮಲಗುತ್ತಿದ್ದರು. ಚರ್ಚಿನ ಗುರುಗಳ ಮುಂದೆ ಪಾಪನಿವೇದನೆ ಮಾಡಿ ಬಂದವರೂ ಅವರಲ್ಲಿದ್ದರು. ದೇವರು ಕ್ಷಮಿಸಿದರೂ ಒಲೆ ಕ್ಷಮಿಸುವುದಿಲ್ಲವೆಂದೇ ನಾವೆಲ್ಲ ತಿಳಿದಿದ್ದೆವು.

ಅದಕ್ಕೆ ಒಂದೇ ಒಂದು ದಾರಿಯಿತ್ತು. ಬೆಂಕಿಯಿರುವ ಮನೆಯವರೊಬ್ಬರು ತಮ್ಮ ಒಲೆಯ ಕೆಂಡವನ್ನೆಲ್ಲ, ಒಂದು ಕಿಡಿಯನ್ನೂ ಉಳಿಸಿಕೊಳ್ಳದೆ, ತಣ್ಣನ ಮನೆಗೆ ಕೊಟ್ಟುಬಿಡಬೇಕು. ಕೊಡುವವರು ‘ಕೊಟ್ಟೆ’ ಅನ್ನಬೇಕು, ಇಸಿದುಕೊಳ್ಳುವವರು ‘ತಗೊಂಡೆ’ ಅನ್ನಬೇಕು. ಅಲ್ಲಿ ಹತ್ತುತ್ತದೆ, ಇಲ್ಲಿ ಆರುತ್ತದೆ. ಕೊಟ್ಟವರ ಒಲೆ ಮತ್ತೆ ಹತ್ತುವುದಿಲ್ಲ. ನಮ್ಮ ಅಜ್ಜಿಯ ಕಾಲದಲ್ಲಿ ಒಬ್ಬ ತಾಯಿ ತನ್ನ ಮಗನಿಗೆ ಹಾಗೆ ಕೊಟ್ಟಿದ್ದಳಂತೆ, ಸಾಯುವವರೆಗೂ ದೀಪ ಕಾಣದೆ ಇದ್ದಳಂತೆ. ಹೆತ್ತ ಕರುಳು, ಕೊಟ್ಟಳು. ಬೇರೆ ಯಾರು ಯಾರಿಗೆ ಕೊಟ್ಟಾರು?

ನನ್ನ ಅವ್ವ ಬ್ರಿಜಿತಮ್ಮ ಕಲ್ಲುಗಣಿಗೆ ಹೋಗುವ ದಾರಿಯಲ್ಲಿ ಊಟದ ಮನೆ ನಡೆಸುತ್ತಿದ್ದಳು. ಉದ್ದನೆಯ ಅಡುಗೆಮನೆ, ಸಾಲಾಗಿ ಮೂರು ಒಲೆ. ಬೆಳಿಗ್ಗೆ ಇಡ್ಲಿ, ಮಧ್ಯಾಹ್ನ ಮುದ್ದೆ, ಸೊಪ್ಪಿನ ಸಾರು. ಗಣಿಯ ದೂಳಿನಿಂದ ಅಪ್ಪ ಎದೆ ಕಟ್ಟಿ ಹೋದ ಮೇಲೆ ಆ ಮೂರು ಒಲೆಗಳೇ ನನ್ನನ್ನೂ ಅಣ್ಣ ಅರುಳಪ್ಪನನ್ನೂ ಸಾಕಿದ್ದು. ಅಣ್ಣ ಗಣಿಯಲ್ಲಿ ರಾಟೆಯ ಕೆಲಸ ಮಾಡುತ್ತಿದ್ದ. ಕೆಳಗೆ ಒಡೆದ ಚಪ್ಪಡಿಗಳಿಗೆ ಸರಪಳಿ ಬಿಗಿದು, ಕೊಂಡಿ ಸಿಕ್ಕಿಸಿ, ಮೇಲೆಳೆಯಲು ಸನ್ನೆ ಮಾಡುವುದು ಅವನ ಪಾಲಿನದು. ಸೀಟಿ ಹೊಡೆಯುವುದರಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಅವನ ಸೀಟಿ ಮನೆಯವರೆಗೂ ಕೇಳಿಸುತ್ತಿತ್ತು. ಅದು ನಿಂತ ಕೂಡಲೇ ನಾನು ಮುದ್ದೆಗೆ ಹಿಟ್ಟು ಹಾಕುತ್ತಿದ್ದೆ.

ಕ್ರಿಸ್‌ಮಸ್‌ಗೆ ಇನ್ನೂ ಮೂರು ವಾರವಿತ್ತು. ಆ ದಿನ ಸೀಟಿ ನಡುವೆಯೇ ನಿಂತಿತು. ಕೊಂಡಿ ತುಂಡಾಗಿ ಆಳೆತ್ತರದ ಚಪ್ಪಡಿ ಅಣ್ಣನ ಮೇಲೆ ಬಿದ್ದಿತ್ತು. ನಾವು ಓಡಿಹೋಗುವಷ್ಟರಲ್ಲಿ ನಾಲ್ಕು ಜನ ಸೇರಿ ಕಲ್ಲು ಸರಿಸಿದ್ದರು. ಅವ್ವ ಅಳಲಿಲ್ಲ. ತನ್ನ ಸೆರಗಿನಿಂದ ಅವನ ಮುಖದ ದೂಳು ಒರೆಸುತ್ತಲೇ ಇದ್ದಳು.

ಕೊಂಡಿ ಮಾಡಿಕೊಟ್ಟವನು ಕುಲುಮೆಯ ಚೌರಪ್ಪ. ಅಣ್ಣನಿಗಿಂತ ಆರೇಳು ವರ್ಷಕ್ಕೆ ದೊಡ್ಡವನು, ಒಳ್ಳೆಯ ಕೆಲಸಗಾರ. ಅವನ ತಾತನ ಕಾಲದಿಂದಲೂ ಊರಿನ ಕಬ್ಬಿಣವೆಲ್ಲ ಅವರ ಕೈಯಲ್ಲೇ ಹದವಾಗಿ ಬರುತ್ತಿತ್ತು. ಅವನೂ ಗಣಿಗೆ ಓಡಿಬಂದಿದ್ದ. ಯಾರೋ ತುಂಡಾದ ಕೊಂಡಿಯನ್ನು ಅವನ ಮುಂದೆ ಹಿಡಿದು, “ಏನಯ್ಯಾ ಇದು?” ಎಂದು ಕೇಳಿದರು. ಚೌರಪ್ಪ ಅದನ್ನು ಮುಟ್ಟಲಿಲ್ಲ. “ಅರುಳ ಸರಿಯಾಗಿ ಸಿಕ್ಕಿಸಿಲ್ಲ. ಓರೆಯಾಗಿ ಎಳೆದ್ರೆ ಎಂಥಾ ಕೊಂಡಿನೂ ಉಳಿಯಲ್ಲ,” ಎಂದ.

ಆ ಸಂಜೆ ಅವನ ಕುಲುಮೆ ಆರಿತು. ತಿದಿ ಒತ್ತಿ ಒತ್ತಿ ಅವನ ತೋಳು ಬಿದ್ದುಹೋಯಿತೇ ಹೊರತು ಇದ್ದಿಲು ಕೆಂಪಾಗಲಿಲ್ಲ. ಒಳಗೆ ಅಡುಗೆಯ ಒಲೆಯೂ, ಗೂಡಿನ ದೀಪವೂ ಆರಿದವು. ಬೆಳಗಾಗುವಷ್ಟರಲ್ಲಿ ಊರಿಗೆಲ್ಲ ತಿಳಿಯಿತು. ಅವನು ಏನು ಮಾಡಿದ್ದನೆಂದು ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ, ಏನೋ ಮಾಡಿದ್ದಾನೆಂದು ಮಾತ್ರ ಗೊತ್ತಾಯಿತು. ಮೂರಿದ್ದ ತಣ್ಣನ ಮನೆಗಳು ನಾಲ್ಕಾದವು.

ನನಗೆ ಹೊಟ್ಟೆ ತಣ್ಣಗಾಯಿತು. ಸುಳ್ಳೇಕೆ ಹೇಳಲಿ? ದಿನಾ ಬೇಕೆಂದೇ ಅವನ ಮನೆಯ ಮುಂದೆ ಹಾದುಹೋಗುತ್ತಿದ್ದೆ. ಕಬ್ಬಿಣ ಬಡಿಯುವ ಸದ್ದಿಲ್ಲದ ಆ ಬೀದಿ ನನ್ನ ಕಿವಿಗೆ ಹಿತವಾಗಿತ್ತು. ಅವನ ಹೆಂಡತಿ ಸಗಾಯಮೇರಿ ತುಂಬಿದ ಬಸುರಿ. ದೂರದ ಊರಿನವಳು, ತವರಿನಲ್ಲಿ ಯಾರೂ ಉಳಿದಿರಲಿಲ್ಲ. ಅವಳು ಹೊಸ್ತಿಲಲ್ಲಿ ಕುಳಿತು ನೆನೆಸಿದ ಅವಲಕ್ಕಿ ತಿನ್ನುತ್ತಿದ್ದುದನ್ನು ನೋಡಿದರೂ ನಾನು ಕತ್ತು ತಿರುಗಿಸಿ ನಡೆಯುತ್ತಿದ್ದೆ. ಅವ್ವನೂ ಶಾಪ ಹಾಕಿದಳು. ಕ್ರಿಸ್‌ಮಸ್ ಪೂಜೆಯಲ್ಲಿ ಎಲ್ಲರೂ ಭೂಮಿಗೆ ಸಮಾಧಾನ ಎಂದು ಹಾಡುತ್ತಿದ್ದಾಗ ಅವಳು ಬಾಯಿ ಬಿಗಿದುಕೊಂಡು ನಿಂತಿದ್ದಳು. ಹೊರಗೆ ಬಂದ ಮೇಲೆ, “ಸಮಾಧಾನ ಸಮಾಧಾನ ಅಂತಾರೆ, ನನ್ನ ಮಗನಿಗೇ ಅಂಟಿಸಿದ್ನಲ್ಲ ಆ ಪಾಪಿ ತಪ್ಪನ್ನ,” ಎಂದಳು.

ಮಾಘದ ಚಳಿ ಆ ವರ್ಷ ಎಂದೂ ಇಲ್ಲದಂತೆ ಕಚ್ಚಿತು. ಆ ಚಳಿಯಲ್ಲೇ ಸಗಾಯಮೇರಿ ಹೆತ್ತಳು. ಸೂಲಗಿತ್ತಿ ರೋಸಮ್ಮ ಮರುದಿನ ಬೆಳಿಗ್ಗೆ ನಮ್ಮಲ್ಲಿಗೆ ಇಡ್ಲಿಗೆ ಬಂದವಳು ಕೈ ಉಜ್ಜಿಕೊಳ್ಳುತ್ತ ಒಲೆಯ ಮುಂದೆಯೇ ಕುಳಿತಳು. “ಹೆಣ್ಣು ಕೂಸು. ತುಟಿ ನೀಲಿ ತಿರುಗೈತೆ. ಬಾಣಂತಿಗೆ ಒಂದು ಚೊಂಬು ಬಿಸಿನೀರಿಲ್ಲ, ಹಾಸಿಗೆ ಕೆಳಗೆ ಕೆಂಡ ಇಲ್ಲ. ಒಂದೊಂದೇ ಬಟ್ಟೆನ ನನ್ನ ಮೈಗೆ ಒತ್ಕೊಂಡು ಬಿಸಿ ಮಾಡಿ ಸುತ್ತಿದೀನಿ. ಎಷ್ಟು ದಿನ ನಡೀತದೆ ಹಿಂಗೆ? ಯಾರ ಮನೆಗಾದ್ರೂ ಕರ್ಕೊಂಡು ಹೋಗೋಣ ಅಂದ್ರೆ ಅವರ ಒಲೆಗೂ ಕೇಡು,” ಎಂದಳು.

ಅವ್ವ ಇಡ್ಲಿಯ ತಟ್ಟೆಗಳನ್ನು ತಿಕ್ಕಿದಳು, ತಿಕ್ಕಿದ್ದನ್ನೇ ಮತ್ತೆ ತಿಕ್ಕಿದಳು. ಮೂರು ದಿನ ಹಾಗೆಯೇ ಇದ್ದಳು. ಊಟ ಸೇರುತ್ತಿರಲಿಲ್ಲ. ಅಣ್ಣನ ಅಂಗಿಯನ್ನು ಪೆಟ್ಟಿಗೆಯಿಂದ ತೆಗೆಯುವುದು, ಮಡಿಸಿ ಮತ್ತೆ ಇಡುವುದು. ನಾಲ್ಕನೆಯ ದಿನ ಲೂರ್ದುಸ್ವಾಮಿ ಗುರುಗಳು ಗಣಿಯ ಕಡೆ ಹೋಗುತ್ತ ನಮ್ಮ ಜಗಲಿಯಲ್ಲಿ ಕುಳಿತಾಗ ಅವಳು ನೀರಿನ ಚೊಂಬು ತಂದಿಟ್ಟು ಕಂಬಕ್ಕೆ ಒರಗಿ ನಿಂತಳು.

“ಸ್ವಾಮಿ, ನಾನು ಕೆಂಡ ಕೊಡಬೇಕು ಅಂದ್ಕೊಂಡಿದೀನಿ,” ಎಂದಳು.

ಗುರುಗಳಿಗೆ ತಕ್ಷಣ ತಿಳಿಯಲಿಲ್ಲ. ತಿಳಿದಾಗ ಚೊಂಬು ಕೆಳಗಿಟ್ಟರು. “ಯಾರೂ ನಿನ್ನನ್ನ ಕೇಳಿಲ್ಲ ಬ್ರಿಜಿತಾ. ದೇವರೂ ಬಲವಂತ ಮಾಡಲ್ಲ. ನೀನು ವಿಧವೆ, ಆ ಒಲೆಗಳೇ ನಿನಗೆ ಅನ್ನ. ಆರಿದ ಮೇಲೆ ಮತ್ತೆ ಹತ್ತಲ್ಲ, ಗೊತ್ತಲ್ಲ?”

“ಗೊತ್ತು ಸ್ವಾಮಿ. ಮೂರು ದಿನದಿಂದ ಅದೊಂದೇ ಯೋಚನೆ. ನಾನು ದಿನಾ ಜಪಸರ ಹಿಡ್ಕೊಂಡು ಶಿಲುಬೆ ಮುಂದೆ ಕೂತ್ಕೊಂಡು, ನನಗೋಸ್ಕರ ಜೀವ ಕೊಟ್ಯಲ್ಲಪ್ಪ ಅಂತ ಹೇಳ್ತೀನಿ. ಮೂವತ್ತು ವರ್ಷದಿಂದ ಹೇಳ್ತಾ ಇದೀನಿ. ಆತ ನಾನು ಒಳ್ಳೆಯವಳು ಅಂತ ನೋಡಿ ಕೊಟ್ನಾ? ಮೊಳೆ ಹೊಡೆದವರಿಗೂ ಸೇರಿಸೇ ಕೊಟ್ಟ. ಅದನ್ನ ಇಸ್ಕೊಂಡು ನಾನು ಬೆಚ್ಚಗಿದೀನಿ. ಈಗ ನನ್ನ ಸರದಿ ಬಂದಾಗ ಬಾಗಿಲು ಹಾಕ್ಕೊಂಡ್ರೆ, ಆ ಮೂವತ್ತು ವರ್ಷದ ಜಪ ಬರೀ ತುಟಿ ಅಲ್ಲಾಡ್ಸಿದ್ದು ಅಂತಾಗ್ತದೆ.”

ಗುರುಗಳು “ಸಿಟ್ಟು ಹೋಯ್ತಾ?” ಎಂದು ಕೇಳಿದರು.

“ಇಲ್ಲ ಸ್ವಾಮಿ. ಸಿಟ್ಟು ಹೋಗಲಿ ಅಂತ ಕಾಯ್ತಾ ಕೂತ್ರೆ ಆ ಕೂಸು ಉಳಿಯಲ್ಲ.”

ನಾನು ಬಾಗಿಲ ಹಿಂದೆ ನಿಂತು ಎಲ್ಲ ಕೇಳಿಸಿಕೊಂಡಿದ್ದೆ. ಅವಳು ಒಳಗೆ ಬಂದಾಗ ಕೈ ಹಿಡಿದು ನಿಲ್ಲಿಸಿದೆ. “ಅವ್ವಾ, ಅಣ್ಣನ್ನ ಕೊಂದವನಿಗೆ ನಮ್ಮ ಬೆಂಕಿನಾ? ನಾನು ಬದುಕಿರೋದು ನಿನಗೆ ಕಾಣಿಸ್ತಿಲ್ವಾ?” ಎಂದೆ. ಅವಳು ನನ್ನ ಕೈಯನ್ನು ಮೆಲ್ಲಗೆ ಬಿಡಿಸಿಕೊಂಡಳು. “ನೀನೂ ಬೇಡ ಅಂತೀಯ, ನನ್ನ ಒಳಗೂ ಒಬ್ಬಳು ಬೇಡ ಅಂತಾಳೆ. ಇಬ್ಬರ ಮಾತೂ ಕೇಳಿಸ್ಕೊಂಡಿದೀನಿ. ಆದ್ರೂ ಹೋಗ್ತೀನಿ,” ಎಂದಳು.

ಮರುದಿನ ಬೆಳಿಗ್ಗೆ ಗಣಿಯವರ ತಿಂಡಿ ಮುಗಿದ ಮೇಲೆ ಅವ್ವ ಮೂರು ಒಲೆಗಳ ಕೆಂಡವನ್ನೂ ದೊಡ್ಡ ಗಡಿಗೆಗೆ ತುಂಬಿದಳು. ಕೈಚಿಪ್ಪಿನಿಂದ ಬೂದಿ ಕೆದಕಿ, ಮೂಲೆಯಲ್ಲಿ ಮಿನುಗುತ್ತಿದ್ದ ಸಣ್ಣ ಕಿಡಿಗಳನ್ನೂ ಬಳಿದು ಹಾಕಿದಳು. ದೇವರ ಪಟದ ಮುಂದಿನ ದೀಪವನ್ನೂ ತಾನೇ ಊದಿದಳು. ತಲೆಯ ಮೇಲೆ ಸಿಂಬೆಯಿಟ್ಟು ಗಡಿಗೆ ಹೊತ್ತು ಬೀದಿಗಿಳಿದಳು. ನಾನು ಹಿಂದೆಯೇ ನಡೆದೆ. ಜಗಲಿಗಳಲ್ಲಿ ಕುಳಿತಿದ್ದವರು ಒಬ್ಬೊಬ್ಬರಾಗಿ ಎದ್ದು ನಿಂತರು. ಗಡಿಗೆಯಿಂದ ಏಳುತ್ತಿದ್ದ ಬಿಸಿಗೆ ಅವಳ ತಲೆಯ ಮೇಲಿನ ಗಾಳಿ ನೀರಿನಂತೆ ಅಲುಗುತ್ತಿತ್ತು.

ಚೌರಪ್ಪ ತಣ್ಣಗಿನ ಕುಲುಮೆಯ ಮುಂದೆ ಕುಕ್ಕರುಗಾಲಲ್ಲಿ ಕುಳಿತಿದ್ದ. ಗಡ್ಡ ಬೆಳೆದಿತ್ತು. ಒಳಗಿನಿಂದ ಕೂಸಿನ ಸಣ್ಣ ದನಿ ಕೇಳುತ್ತಿತ್ತು, ಅಳುವ ಶಕ್ತಿಯೂ ಇಲ್ಲದ ದನಿ. ಅವ್ವ ಗಡಿಗೆ ಇಳಿಸಿ ಅವನ ಮುಂದೆ ಹಿಡಿದಳು.

“ಏಳು ಚೌರ. ಕೈ ಚಾಚು.”

ಅವನು ಗಡಿಗೆ ನೋಡಿದ, ಅವ್ವನನ್ನು ನೋಡಿದ, ಗೋಡೆಯವರೆಗೂ ಹಿಂದೆ ಸರಿದ. “ಬ್ಯಾಡ ಅವ್ವಾ. ಬೇರೆ ಯಾರು ಕೊಟ್ರೂ ತಗೊಂಡೇನು. ನಿಮ್ಮ ಕೈಯಿಂದ ಆಗಲ್ಲ.”

“ಬೇರೆ ಯಾರೂ ಬರಲಿಲ್ಲವಲ್ಲ.”

“ಕೂಸಿಗೋಸ್ಕರ ಬಂದಿದೀರಿ. ಸಗಾಯನ್ನ, ಕೂಸನ್ನ ಹೆಂಗಾದ್ರೂ ಮಾಡಿ ಬೇರೆ ಊರಿಗೆ ಕಳಿಸ್ತೀನಿ. ಇದನ್ನ ವಾಪಸ್ ತಗೊಂಡೋಗಿ, ಇನ್ನೂ ನಿಮ್ಮದೇ ಅದು.”

“ಕೂಸಿನ ಸುದ್ದಿ ಕೇಳಿ ಎದ್ದೆ, ನಿಜ. ಆದ್ರೆ ಕೂಸು ಏನು ತಪ್ಪು ಮಾಡಿದೆ ಕೆಂಡ ಇಸ್ಕೊಳ್ಳೋಕೆ? ತಪ್ಪು ಮಾಡಿದವನಿಗೆ ತಾನೇ ಇದು ಬೇಕಾಗಿರೋದು. ನಿಂಗೇ ಕೊಡ್ತಾ ಇದೀನಿ.”

ಚೌರಪ್ಪ ತಲೆ ಅಲ್ಲಾಡಿಸಿದ. “ನಾನು ಮಾಡಿದ್ದು ಪೂರ್ತಿ ನಿಮಗೆ ಗೊತ್ತಿಲ್ಲ ಅವ್ವಾ.”

“ಗೊತ್ತಿಲ್ಲ. ಆಮೇಲೆ ಹೇಳು. ಮೊದಲು ತಗೋ. ಕೈ ಸುಡ್ತಾ ಐತೆ ನಂಗೆ.” ಅವಳು ಗಡಿಗೆಯನ್ನು ಇನ್ನೂ ಮುಂದೆ ಚಾಚಿದಳು. “ಕೊಟ್ಟೆ ಚೌರ. ಕೊಟ್ಟೆ.”

ಅವನು ಎರಡೂ ಕೈಯಲ್ಲಿ ಗಡಿಗೆಯನ್ನು ಹಿಡಿದ. ‘ತಗೊಂಡೆ’ ಎಂದದ್ದು ನನಗೆ ಕೇಳಿಸಲಿಲ್ಲ, ತುಟಿ ಅಲ್ಲಾಡಿದ್ದು ಕಂಡಿತು. ಕೆಂಡವನ್ನು ಕುಲುಮೆಗೆ ಸುರಿದು ತಿದಿಗೆ ಕೈಯಿಟ್ಟ. ಒಂದೇ ಒತ್ತಿಗೆ ಇದ್ದಿಲು ಕೆಂಪಾಯಿತು, ಇನ್ನೊಂದಕ್ಕೆ ಜ್ವಾಲೆ ಎದ್ದಿತು. ರೋಸಮ್ಮ ಒಳಗಿನಿಂದ ಓಡಿಬಂದು, ಯಾರನ್ನೂ ಮಾತಾಡಿಸದೆ, ಒಂದು ಮಡಕೆಯಲ್ಲಿ ಕೆಂಡ ತುಂಬಿಕೊಂಡು ಒಳಕ್ಕೆ ಓಡಿದಳು.

ಚೌರಪ್ಪ ಬೆಂಕಿಯ ಕಡೆ ಮುಖ ಮಾಡಿಕೊಂಡೇ ಹೇಳಿದ. “ಕೊಂಡಿಯಲ್ಲಿ ಬಿರುಕಿತ್ತು. ಕೂದಲೆಳೆಯಷ್ಟು. ನಾನು ನೋಡಿದ್ದೆ. ಮತ್ತೆ ಕಾಯಿಸಿ ಬಡಿಯೋಕೆ ಅರ್ಧ ದಿನ ಬೇಕಿತ್ತು, ಸಂಜೆ ಮದುವೆ ಊಟ ಇತ್ತು. ಗ್ರೀಸು ಬಳಿದು ಮಸಿ ಹಚ್ಚಿ ಕೊಟ್ಟೆ. ಅರುಳ ಸರಿಯಾಗೇ ಸಿಕ್ಕಿಸಿದ್ದ ಅವ್ವಾ. ಅವನ್ದೇನೂ ತಪ್ಪಿಲ್ಲ.”

ಅವ್ವ ಕುಸಿದು ನೆಲಕ್ಕೆ ಕುಳಿತಳು. ನಾನು ಹಿಡಿದುಕೊಂಡೆ. ಮದುವೆ ಊಟ ಎಂಬ ಎರಡೇ ಮಾತು ನನ್ನ ಕಿವಿಯಲ್ಲಿ ಗುಂಯ್‌ಗುಟ್ಟುತ್ತಿತ್ತು. ಅವ್ವ ನನ್ನ ಭುಜ ಹಿಡಿದು ಎದ್ದಳು. “ಇದನ್ನೂ ಸೇರಿಸೇ ಕೊಟ್ಟಿದೀನಿ ಅಂದ್ಕೊ,” ಎಂದಳು. “ಆದ್ರೆ ಅರುಳನ ಮೇಲೆ ಹಾಕಿದ್ದನ್ನ ಜನದ ಮುಂದೆ ಇಳಿಸು.”

ಆ ಭಾನುವಾರ ಪೂಜೆ ಮುಗಿದ ಮೇಲೆ ಚೌರಪ್ಪ ಬಲಿಪೀಠದ ಮೆಟ್ಟಿಲ ಕೆಳಗೆ ನಿಂತು ಎಲ್ಲವನ್ನೂ ಹೇಳಿದ. ಬಿರುಕು, ಗ್ರೀಸು, ಮದುವೆ ಊಟ, ಸುಳ್ಳು, ಒಂದನ್ನೂ ಬಿಡಲಿಲ್ಲ. ಗಣಿಯ ಧಣಿಯ ಬಳಿಯೂ ತಾನೇ ಹೋಗಿ ಹೇಳಿದ. ಕೂಸಿನ ತುಟಿಗೆ ಬಣ್ಣ ಬಂತು. ಬೀದಿಯಲ್ಲಿ ಮತ್ತೆ ಸುತ್ತಿಗೆಯ ಸದ್ದು ಕೇಳತೊಡಗಿತು.

ನಮ್ಮ ಮನೆಯಲ್ಲಿ ಕತ್ತಲು. ವಿಭೂತಿ ಬುಧವಾರ ಹಣೆಗೆ ಬೂದಿ ಇಡಿಸಿಕೊಂಡು ಬಂದಾಗ, ನಮ್ಮ ಅಡುಗೆಮನೆಯಲ್ಲೂ ಅದೇ ಉಳಿದಿದೆಯಲ್ಲ ಎನ್ನಿಸಿತು. ಈಸ್ಟರ್‌ಗೆ ಮುಂಚಿನ ಉಪವಾಸದ ತಪಸ್ಸುಕಾಲದುದ್ದಕ್ಕೂ ನಾವು ನೆನೆಸಿದ ಕಾಳು ತಿಂದೆವು. ಗಣಿಯವರು ಬೇರೆ ಕಡೆ ಊಟಕ್ಕೆ ಹೋದರು. ಅವ್ವ ಬೇರೆಯವರಿಗೆ ಹಪ್ಪಳ ಲಟ್ಟಿಸಿಕೊಟ್ಟಳು, ಅವರವರ ಜಗಲಿಗಳಲ್ಲೇ ಕುಳಿತು. ಸಗಾಯಮೇರಿ ದಿನಾ ಬಿಸಿ ಗಂಜಿ ತಂದು ನಮ್ಮ ಬಾಗಿಲಲ್ಲಿಡುತ್ತಿದ್ದಳು. ಒಳಗೆ ತರುವಷ್ಟರಲ್ಲಿ ಅದು ಕೊರೆಯುತ್ತಿತ್ತು. ಅವ್ವ ಅದನ್ನು ಹಬ್ಬದೂಟದಂತೆ ಕುಡಿಯುತ್ತಿದ್ದಳು. ನಾನು ಮುಟ್ಟುತ್ತಿರಲಿಲ್ಲ. ಚೌರಪ್ಪ ಮೂರು ಸಲ ಗಡಿಗೆಯಲ್ಲಿ ಕೆಂಡ ತುಂಬಿಕೊಂಡು ವಾಪಸು ಕೊಡಲು ಬಂದ. ಮೂರು ಸಲವೂ ನಮ್ಮ ಹೊಸ್ತಿಲಲ್ಲಿ ಕೆಂಡ ಕಪ್ಪಾಯಿತು. ಅವನೆದುರು ನಾನು ಒಳಗಿನಿಂದ ಹೊರಗೆ ಬರಲೂ ಇಲ್ಲ.

ಹೊಸದಾಗಿ ಗಣಿಗೆ ಬಂದ ಆಳುಗಳಿಗೆ ನಮ್ಮ ಕಥೆ ಗೊತ್ತಿರಲಿಲ್ಲ. ಒಂದು ದಿನ ಅವ್ವ ನೀರು ಹೊತ್ತು ಬರುತ್ತಿದ್ದಾಗ ಒಬ್ಬ ಇನ್ನೊಬ್ಬನಿಗೆ, “ದೂರ ನಿಂತ್ಕೊ. ತಣ್ಣನ ಮನೆಯವಳು. ಯಾರನ್ನ ಕೊಂದಿದಾಳೋ ಏನೋ,” ಎಂದ. ಅವ್ವ ತಲೆ ತಗ್ಗಿಸಿ ಬದಿಗೆ ಸರಿದು ದಾರಿ ಬಿಟ್ಟಳು. ನನಗೆ ಮೈ ಉರಿದುಹೋಯಿತು. “ಯಾಕೆ ಸುಮ್ಮನಿದ್ದೆ? ಕೊಂದವನು ಅಲ್ಲಿ ಕಬ್ಬಿಣ ಬಡೀತಿದಾನೆ ಅಂತ ಹೇಳೋದಲ್ವಾ?” ಎಂದೆ. “ಹೇಳಿದ್ರೆ ಅವನಿಗೆ ಕೊಟ್ಟಿದ್ದನ್ನ ಕಿತ್ಕೊಂಡ ಹಾಗಾಗ್ತದೆ,” ಎಂದಳು. ನೀರಿನ ಕೊಡ ಕೆಳಗಿಳಿಸಿ, “ಕ್ಷಮಿಸೋದು ಸುಲಭ ಅಂತ ಯಾರಾದ್ರೂ ಹೇಳಿದ್ರೆ ನಂಬಬೇಡ ಜೆಸಿಂತಾ. ಹೆರಿಗೆ ನೋವು ಅದು. ಬಿಟ್ಟು ಬಿಟ್ಟು ಬರ್ತದೆ,” ಎಂದಳು.

ಯೇಸು ಮರಳಿ ಎದ್ದ ಪಾಸ್ಕಹಬ್ಬದ ದಿನ ನಮ್ಮೂರಲ್ಲಿ ಜನ ಕೋಳಿ ಕೂಗುವ ಹೊತ್ತಿಗೆ ದೇವಾಲಯದ ಅಂಗಳದಲ್ಲಿ ಸೇರುತ್ತಾರೆ. ಎಲ್ಲ ದೀಪಗಳನ್ನೂ ಆರಿಸಿ, ಹೊಸ ಬೆಂಕಿ ಎಬ್ಬಿಸಿ, ಅದರಿಂದ ಪಾಸ್ಕದ ದೊಡ್ಡ ಮೇಣದ ಬತ್ತಿ ಹಚ್ಚುತ್ತಾರೆ. ಅದರಿಂದ ಒಬ್ಬರು, ಅವರಿಂದ ಇನ್ನೊಬ್ಬರು, ಹೀಗೆ ಎಲ್ಲರ ಕೈಯ ಬತ್ತಿಗಳೂ ಹತ್ತುತ್ತವೆ. ತಣ್ಣನ ಮನೆಯವರ ಬತ್ತಿ ಹತ್ತದ ಕಾರಣ ಅವರು ಕಾಂಪೌಂಡು ಗೋಡೆಗೆ ಒರಗಿ ಹಿಂದೆ ನಿಲ್ಲುವುದು ವಾಡಿಕೆ. ಆ ವರ್ಷ ನಾವೂ ಅಲ್ಲೇ ನಿಂತೆವು. ನಮ್ಮ ಪಕ್ಕದಲ್ಲಿ ಉಳಿದ ಮೂರು ತಣ್ಣನ ಮನೆಗಳವರು. ಎಲ್ಲರ ಕೈಯಲ್ಲೂ ಒಂದೊಂದು ಬತ್ತಿ. ಹತ್ತುವುದಿಲ್ಲವೆಂದು ಗೊತ್ತಿದ್ದರೂ ಬರಿಗೈಯಲ್ಲಿ ಯಾರೂ ಬಂದಿರಲಿಲ್ಲ.

ಮೂಡಲಲ್ಲಿ ಬೆಳಕು ಹರಿಯುತ್ತಿತ್ತು. ಗುರುಗಳು ದೊಡ್ಡ ಬತ್ತಿ ಹಚ್ಚಿ ಎತ್ತಿ ಹಿಡಿದರು. ಸಾಲುಸಾಲಾಗಿ ಬತ್ತಿಗಳು ಹತ್ತಿಕೊಂಡವು. ಜನ ಒಳಗೆ ಹೋಗಲು ತಿರುಗಿದಾಗ ಚೌರಪ್ಪ ಮಾತ್ರ ತನ್ನ ಬತ್ತಿಗೆ ಅಂಗೈ ಮರೆ ಮಾಡಿಕೊಂಡು ಉಲ್ಟಾ ಕಡೆಗೆ, ಗೋಡೆಯ ಕಡೆಗೆ ನಡೆದು ಬಂದ. ಅವ್ವನ ಮುಂದೆ ನಿಂತು, “ಅವ್ವಾ, ಕೊಟ್ಟೆ,” ಎಂದ. ಅವ್ವ “ತಗೊಂಡೆ ಕಣಪ್ಪ,” ಎಂದು ಬತ್ತಿ ಮುಂದೆ ಚಾಚಿದಳು. ಒಂದು ಕ್ಷಣ ಹಿಡಿದಂತಾಯಿತು, ಆರಿತು. ಮತ್ತೆ ತಾಗಿಸಿದ. ಮತ್ತೆ ಆರಿತು. ಒಳಗೆ ಹೋಗುತ್ತಿದ್ದ ಜನ ನಿಂತು ತಿರುಗಿ ನೋಡಿದರು. ಗುರುಗಳೂ ಬಾಗಿಲಲ್ಲಿ ನಿಂತರು.

ಚೌರಪ್ಪನ ಕಣ್ಣಿಂದ ನೀರು ಹರಿದು ಗಡ್ಡದೊಳಗೆ ಇಳಿಯುತ್ತಿತ್ತು. ಅವನು ನನ್ನ ಕಡೆ ತಿರುಗಿದ. “ಜೆಸಿಂತಾ, ನೀನಾದ್ರೂ ತಗೊಳ್ಳವ್ವ,” ಎಂದ.

ಅಣ್ಣ ಸತ್ತ ದಿನದಿಂದ ನಾನು ಅವನ ಜೊತೆ ಒಂದು ಮಾತೂ ಆಡಿರಲಿಲ್ಲ. ಆ ಬತ್ತಿಯ ಬೆಳಕಿನಲ್ಲಿ ಅವನ ಮುಖ ನೋಡಿದೆ. ನಾನು ನಾಲ್ಕು ತಿಂಗಳಿಂದ ಮನಸ್ಸಿನಲ್ಲಿ ಇಟ್ಟುಕೊಂಡು ದಿನಾ ಕೊಲ್ಲುತ್ತಿದ್ದ ಮನುಷ್ಯ ಇವನಲ್ಲ ಎನ್ನಿಸಿತು. ಇವನು ಮುದುಕನಾಗಿದ್ದ. ಪಕ್ಕದಲ್ಲಿ ಅವ್ವ ಆರಿದ ಬತ್ತಿ ಹಿಡಿದು ನಿಂತಿದ್ದಳು, ನನಗೆ ಹೀಗೆ ಮಾಡೆಂದು ಕಣ್ಣಿನಲ್ಲೂ ಹೇಳಲಿಲ್ಲ. ಆಗ ನನಗೆ ತಿಳಿಯಿತು. ಆ ಒಲೆಗಳು ಅವ್ವನವು ಮಾತ್ರ ಆಗಿರಲಿಲ್ಲ, ನನ್ನವೂ ಆಗಿದ್ದವು. ಅವ್ವ ತನ್ನ ಪಾಲು ಕೊಟ್ಟು ಬಂದಿದ್ದಳು. ನಾನು ಗಡಿಗೆಯ ಹಿಂದೆ ನಡೆದು ಹೋಗಿದ್ದೆನೇ ಹೊರತು ಏನನ್ನೂ ಕೊಟ್ಟಿರಲಿಲ್ಲ. ನನ್ನ ಪಾಲನ್ನು ಎ‌ದೆಯೊಳಗೇ ಇಟ್ಟುಕೊಂಡು ಕುಳಿತಿದ್ದೆ, ಅದು ಯಾರನ್ನೂ ಬೆಚ್ಚಗಿಟ್ಟಿರಲಿಲ್ಲ.

ನಾನು ಒಂದು ಹೆಜ್ಜೆ ಮುಂದಿಟ್ಟೆ. “ಚೌರಣ್ಣ, ನಾನೂ ಕೊಟ್ಟೆ,” ಎಂದೆ.

ಅವನು ನಿಂತಲ್ಲೇ ಮೊಣಕಾಲೂರಿದ. “ತಗೊಂಡೆ,” ಎಂದ. ಈ ಸಲ ಅದು ಅಂಗಳಕ್ಕೆಲ್ಲ ಕೇಳಿಸಿತು. ನಾನು ಬಗ್ಗಿ ನನ್ನ ಬತ್ತಿಯನ್ನು ಅವನ ಬತ್ತಿಗೆ ತಾಗಿಸಿದೆ. ಹತ್ತಿಕೊಂಡಿತು. ಕಾದೆ, ಆರಲಿಲ್ಲ. ಗಾಳಿ ಬೀಸಿತು, ಜ್ವಾಲೆ ಬಾಗಿ ಮತ್ತೆ ಎದ್ದು ನಿಂತಿತು. ಅದನ್ನು ಅವ್ವನ ಬತ್ತಿಗೆ ಹಿಡಿದೆ. ಅದೂ ಹತ್ತಿತು. ಅವ್ವ ಅದನ್ನೇ ನೋಡುತ್ತ ನಿಂತಳು. ಮಗ ಸತ್ತ ದಿನ ಅಳದವಳು ಈಗ ಮುಖ ಒರೆಸಿಕೊಳ್ಳದೆ ಅತ್ತಳು, ಅಳುತ್ತಲೇ ನಕ್ಕಳು.

ಅಲ್ಲಿಗೇ ಮುಗಿದಿದ್ದರೆ ಅದು ನಮ್ಮ ಮನೆಯ ಕಥೆಯಾಗಿ ಉಳಿಯುತ್ತಿತ್ತು. ಅವ್ವ ಪಕ್ಕಕ್ಕೆ ತಿರುಗಿದಳು. ಅಲ್ಲಿ ಸಂದ್ಯಾಗಪ್ಪ ನಿಂತಿದ್ದ. ಹರೆಯದಲ್ಲಿ ಒಂದು ಜಗಳದಲ್ಲಿ ತಮ್ಮನನ್ನು ತಳ್ಳಿ, ಆ ತಮ್ಮ ಬಾವಿಗೆ ಬಿದ್ದು ಸತ್ತು, ಹತ್ತೊಂಬತ್ತು ವರ್ಷ ತಣ್ಣನ ಮನೆಯಲ್ಲಿ ಒಂಟಿಯಾಗಿದ್ದವನು. “ನಂದು ಹತ್ತಲ್ಲ ಬಿಡವ್ವಾ. ನಿಂದೂ ಆರೀತು,” ಎಂದು ಅವನು ಬತ್ತಿಯನ್ನು ಬೆನ್ನ ಹಿಂದೆ ಮರೆಮಾಡಿದ. “ಆರಿದ್ರೆ ಆರಲಿ, ಕೊಡು ಇಲ್ಲಿ,” ಎಂದು ಅವ್ವ ಅವನ ಕೈಯನ್ನು ಹಿಡಿದು ಮುಂದಕ್ಕೆಳೆದಳು. ಹತ್ತಿತು. ಅವನಿಂದ ಅವನ ಪಕ್ಕದವಳಿಗೆ, ಅವಳಿಂದ ಕೊನೆಯವನಿಗೆ. ಗೋಡೆಯುದ್ದಕ್ಕೂ ಬೆಳಕಾಯಿತು. ಯಾರೂ ಎಂದೂ ಬತ್ತಿಯ ಬೆಳಕು ನೋಡಿರದ ಗೋಡೆ, ಅದರ ಮೇಲೆ ನಮ್ಮೆಲ್ಲರ ನೆರಳುಗಳು ದೊಡ್ಡದಾಗಿ ಎದ್ದು ನಿಂತವು. ಬಾಗಿಲಲ್ಲಿ ನಿಂತಿದ್ದ ಗುರುಗಳು ತಪಸ್ಸುಕಾಲದುದ್ದಕ್ಕೂ ಹಾಡದೆ ಬಿಟ್ಟಿದ್ದ ಅಲ್ಲೆಲೂಯವನ್ನು ಅಲ್ಲಿಂದಲೇ ಎತ್ತಿಕೊಂಡರು. ಅವರ ದನಿ ನಡುಗಿ ಅರ್ಧಕ್ಕೇ ನಿಂತಿತು. ಉಳಿದರ್ಧವನ್ನು ಊರು ಹಾಡಿತು. ಯಾರೋ ಓಡಿಹೋಗಿ ಗಂಟೆಯ ಹಗ್ಗಕ್ಕೆ ಜೋತುಬಿದ್ದರು. ಬಲಿಪೀಠದವರೆಗೆ ಮೆರವಣಿಗೆ ಹೋಗುವಾಗ ಹಿಂದೆ ನಿಂತಿದ್ದ ನಾವೇ ಮುಂದಾದೆವು. ಯಾರೂ ಹಾಗೆ ಮಾಡಿ ಎಂದು ಹೇಳಿರಲಿಲ್ಲ, ಜನ ತಾವಾಗಿ ದಾರಿ ಬಿಟ್ಟರು.

ಆ ದಿನದ ನಂತರ ನಮ್ಮೂರಿನಲ್ಲಿ ಯಾರ ಒಲೆಯೂ ತಾನಾಗಿ ಆರಿಲ್ಲ. ಜನ ತಪ್ಪು ಮಾಡುವುದನ್ನು ಬಿಟ್ಟರೆಂದಲ್ಲ. ಮಾಡುತ್ತಾರೆ. ಆದರೆ ಈಗ ಬಾಯಿಬಿಟ್ಟು ಹೇಳಬೇಕು, ಎದುರು ಕುಳಿತು ಕೇಳಬೇಕು. ಅದು ಹಳೆಯದಕ್ಕಿಂತ ಕಷ್ಟವೆಂದು ಗೊಣಗುವವರೂ ಇದ್ದಾರೆ.

ಪೂಜೆ ಮುಗಿಸಿ ಬತ್ತಿಗಳನ್ನು ಆರಲು ಬಿಡದೆ ಮನೆಗೆ ತಂದೆವು. ನಲವತ್ತು ದಿನಕ್ಕೂ ಮೀರಿ ಬೆಂಕಿ ಕಾಣದ ಒಲೆ ಮೊದಲು ಹೊಗೆಯನ್ನೇ ಕಾರಿತು. ಇಬ್ಬರೂ ಕೆಮ್ಮುತ್ತ ಊದಿದೆವು. ಅಷ್ಟರಲ್ಲಿ ಬಾಗಿಲಲ್ಲಿ ಜನ. ರೋಸಮ್ಮ ಕೋಳಿ ತಂದಿದ್ದಳು, ಸಗಾಯಮೇರಿ ಕೂಸನ್ನು ಎತ್ತಿಕೊಂಡು ಸೊಂಟದಲ್ಲಿ ಅಕ್ಕಿಯ ಕುಕ್ಕೆ ಇಟ್ಟುಕೊಂಡು ಬಂದಳು. ಚೌರಪ್ಪ ಹಿತ್ತಲಲ್ಲಿ ಸೌದೆ ಒಡೆಯತೊಡಗಿದ. ಮೂರೂ ಒಲೆ ಧಗಧಗಿಸಿದವು.

ಸಂದ್ಯಾಗಪ್ಪ ಮಾತ್ರ ಜಗಲಿಯ ಮೇಲೇ ನಿಂತಿದ್ದ. ಒಳಗೆ ಬಾ ಎಂದು ಅವ್ವ ಎರಡು ಸಲ ಕರೆದಳು. ಅವನು ಹೊಸ್ತಿಲಾಚೆ ಒಂದು ಕಾಲಿಟ್ಟು ಒಲೆಯ ಕಡೆ ನೋಡಿದ. ಬೆಂಕಿ ಹಾಗೆಯೇ ಉರಿಯುತ್ತಿತ್ತು. ಇನ್ನೊಂದು ಕಾಲಿಟ್ಟ. ಆಗಲೂ ಉರಿಯುತ್ತಿತ್ತು. ಅವನು ಗೋಡೆ ಹಿಡಿದುಕೊಂಡು ಬಂದು ಒಲೆಯ ಮುಂದೆ ಮಣೆಯ ಮೇಲೆ ಕುಳಿತ. ನಾನು ಅವನ ಕೈಗೆ ಕಾಫಿಯ ಲೋಟ ಕೊಟ್ಟೆ. ಆರಿಹೋದೀತೆಂಬ ಹತ್ತೊಂಬತ್ತು ವರ್ಷದ ಅವಸರದಲ್ಲಿ ಒಂದೇ ಗುಟುಕಿಗೆ ಬಾಯಿಗೆ ಸುರಿದುಕೊಂಡ. ನಾಲಗೆ ಸುಟ್ಟುಹೋಯಿತು. ಕಣ್ಣಲ್ಲಿ ನೀರು ತುಂಬಿಕೊಂಡು, ಬಾಯಿ ತೆರೆದು ಗಾಳಿ ಎಳೆದುಕೊಳ್ಳುತ್ತ, ಅವನು ನಮ್ಮೆಲ್ಲರ ಮುಖವನ್ನೂ ಒಂದೊಂದಾಗಿ ನೋಡಿದ.

“ಸುಡ್ತದೆ ಕಣ್ರವ್ವ,” ಎಂದ. “ಸುಡ್ತದೆ.”

“ನಿಧಾನಕ್ಕೆ ಕುಡಿಯಣ್ಣ,” ಎಂದಳು ಅವ್ವ, ಇನ್ನಷ್ಟು ಕಾಫಿ ಬಗ್ಗಿಸುತ್ತ. “ಬೇಕಾದಷ್ಟಿದೆ.”